ಮೂರು ಗಂಟೆಯ ತಾಳಮದ್ದಳೆ ಸೈಟಿಗೆ ಏರುತ್ತಿಲ್ಲ, ಏರಿದರೂ ಓಡುತ್ತಿಲ್ಲ

ಓದುಗರ ಪ್ರಶ್ನೆ: ನಮಸ್ಕಾರ. ನಮ್ಮದು ಉಡುಪಿ ಕಡೆಯ ಸಣ್ಣ ತಾಳಮದ್ದಳೆ ಬಳಗ. ಕೂಟಗಳ ವಿಡಿಯೊವನ್ನು ಸದಸ್ಯರಿಗೆ ಮಾತ್ರ ತೋರಿಸಲು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸೈಟ್ ಮಾಡಿಕೊಂಡಿದ್ದೇವೆ. ಎರಡು ಕೋರ್, 4 ಜಿಬಿ ಮೆಮೊರಿ, 80 ಜಿಬಿ ಡಿಸ್ಕ್ ಇರುವ ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್), ಅದರಲ್ಲಿ ಸೈಟಿನ ಪುಟಗಳನ್ನು ಬಡಿಸುವ ಎಂಜಿನ್‌ಎಕ್ಸ್ ಎಂಬ ಪ್ರೋಗ್ರಾಮ್. ಸದಸ್ಯರು ಫೋನಿನಲ್ಲಿ ತೆಗೆದ ವಿಡಿಯೊ ಅಪ್‌ಲೋಡ್ ಮಾಡುತ್ತಾರೆ, ಎಫ್‌ಎಫ್‌ಎಂಪೆಗ್ ಎಂಬ ಪ್ರೋಗ್ರಾಮ್ ಅದನ್ನು ಎಂಪಿ4 ಮಾಡುತ್ತದೆ. ದೊಡ್ಡ ಫೈಲ್ ಅರ್ಧಕ್ಕೇ ನಿಲ್ಲುತ್ತದೆ. ಕನ್ವರ್ಟ್ ಆಗುವಾಗ ಇಡೀ ಸೈಟ್ ಮಲಗುತ್ತದೆ. ಐಫೋನಿನಲ್ಲಿ ವಿಡಿಯೊ ಶುರುವೇ ಆಗುವುದಿಲ್ಲ. ಬೇರೆ ಫೋನುಗಳಲ್ಲಿ ಪೂರ್ತಿ ಇಳಿದ ಮೇಲೆ ಓಡುತ್ತದೆ. ಯೂಟ್ಯೂಬ್ ಬೇಡ, ಲಿಂಕ್ ಎಲ್ಲ ಕಡೆ ಹರಡುತ್ತದೆ ಅಂತ ಹಿರಿಯ ಅರ್ಥಧಾರಿಗಳು (ಪಾತ್ರವಾಗಿ ಮಾತಾಡುವ ಕಲಾವಿದರು) ಹೇಳಿದ್ದಾರೆ. ಹಳೇ ವಿಎಚ್‌ಎಸ್ ಕ್ಯಾಸೆಟ್‌ಗಳೂ ಇವೆ, ಅವನ್ನೂ ಹಾಕಬೇಕು. ಎಲ್ಲಿಂದ ಸರಿ ಮಾಡಬೇಕು?

ಉತ್ತರ: ನೀವು ಬರೆದ ತೊಂದರೆಗಳಲ್ಲಿ ಹೆಚ್ಚಿನವು ಒಂದೇ ಕಡೆಯಿಂದ ಬರುತ್ತಿವೆ. ಫೈಲನ್ನು ಬರಮಾಡಿಕೊಳ್ಳುವುದು, ಕನ್ವರ್ಟ್ ಮಾಡುವುದು, ನೋಡುವವರಿಗೆ ಕಳಿಸುವುದು, ಈ ಮೂರನ್ನೂ ಪಿಎಚ್‌ಪಿ ಪುಟಗಳ ಕೈಯಲ್ಲಿ ಮಾಡಿಸುತ್ತಿದ್ದೀರಿ. ಮೂರರ ವೇಗ ಬೇರೆ ಬೇರೆ. ಸಂತರ್ಪಣೆಯ ದಿನ ತರಕಾರಿ ಇಳಿಸಿಕೊಂಡವರೇ ಒಲೆ ಮುಂದೆ ನಿಂತು, ಅವರೇ ಬಂದು ಬಡಿಸಬೇಕು ಅಂದರೆ ಪಂಕ್ತಿ ಏಳುವುದೇ ಇಲ್ಲ. ಆ ಮೂರು ಕೆಲಸ ಬಿಡಿಸಿದರೆ ನಿಮ್ಮ ಈಗಿನ ವಿಪಿಎಸ್ಸೇ ಸಾಕು. ದೊಡ್ಡ ಸರ್ವರ್ ಕೊಳ್ಳುವುದು ಬೇಡ.

ಮೊದಲು ಲೆಕ್ಕ ನೋಡೋಣ, ಯಾಕಂದ್ರೆ ಅದನ್ನು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಐಫೋನಿನಲ್ಲಿ 1080 ಸಾಲಿನ, ಸೆಕೆಂಡಿಗೆ 30 ಫ್ರೇಮಿನ ವಿಡಿಯೊ ತೆಗೆದರೆ ನಿಮಿಷಕ್ಕೆ ಸುಮಾರು 60 ಎಂಬಿ. ಅದೇ ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಫಾರ್ಮ್ಯಾಟ್ ಆರಿಸಿದ್ದರೆ ನಿಮಿಷಕ್ಕೆ ಸುಮಾರು 130 ಎಂಬಿ. ಮೂರು ಗಂಟೆಯ ಕೂಟ ಅಂದರೆ 10.8 ಜಿಬಿ, ಇಲ್ಲವೇ 23 ಜಿಬಿಗೂ ಜಾಸ್ತಿ. ಮನೆಯ ನೆಟ್ ಸೆಕೆಂಡಿಗೆ 5 ಮೆಗಾಬಿಟ್ ವೇಗದಲ್ಲಿ ಮೇಲೇರಿಸುತ್ತದೆ ಅಂದುಕೊಳ್ಳಿ. 10.8 ಜಿಬಿ ಏರಲು ಹತ್ತಿರ ಹತ್ತಿರ ಐದು ಗಂಟೆ ಬೇಕು. ಐದು ಗಂಟೆ ಒಂದೇ ಕನೆಕ್ಷನ್ ಕಡಿಯದೆ ಇರಬೇಕು. ಮಳೆಗಾಲದಲ್ಲಿ ಕರೆಂಟೇ ಅಷ್ಟು ಹೊತ್ತು ನಿಲ್ಲುವುದಿಲ್ಲ, ಅಲ್ವಾ? ಫೈಲ್ ಅರ್ಧಕ್ಕೆ ನಿಲ್ಲುವುದರಲ್ಲಿ ನಿಮ್ಮ ಸದಸ್ಯರ ತಪ್ಪು ಏನೂ ಇಲ್ಲ.

ಮಿತಿ ಏರಿಸುವ ಬದಲು ತುಂಡು ಮಾಡಿ

ಇಂಥ ಸಮಯದಲ್ಲಿ ಎಲ್ಲರೂ ಮೊದಲು ಮುಟ್ಟುವುದು ಸರ್ವರಿನ ಮಿತಿಗಳನ್ನು. ಪಿಎಚ್‌ಪಿ ತಾನಾಗಿ ಒಪ್ಪುವುದು 2 ಎಂಬಿಯ ಫೈಲ್, ಇಡೀ ಫಾರ್ಮ್ ಸೇರಿ 8 ಎಂಬಿ. ಎಂಜಿನ್‌ಎಕ್ಸ್ ಒಪ್ಪುವುದು ಬರೀ 1 ಎಂಬಿ, ದಾಟಿದರೆ 'ಫೈಲ್ ತೀರ ದೊಡ್ಡದು' ಅನ್ನುವ 413 ಎರರ್. ಪಿಎಚ್‌ಪಿಯ 8 ಎಂಬಿ ಮಿತಿ ದಾಟಿದಾಗ ಇನ್ನೂ ಗೊಂದಲ. ಸ್ಕ್ರಿಪ್ಟ್ ಓಡುತ್ತದೆ, ಆದರೆ ಫಾರ್ಮಿನ ಮಾಹಿತಿಯೂ ಫೈಲೂ ಎರಡೂ ಖಾಲಿ ಬರುತ್ತವೆ. 'ಹೆಸರು ತುಂಬಿಲ್ಲ' ಅಂತ ಸೈಟ್ ಹೇಳುತ್ತದೆ, ಪಾಪ ತುಂಬಿದವರಿಗೆ ತಲೆಬುಡ ತಿಳಿಯುವುದಿಲ್ಲ.

ಹಾಗಂತ ಈ ಮಿತಿಗಳನ್ನು 20 ಜಿಬಿಗೆ ಏರಿಸಬೇಡಿ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಎಂಜಿನ್‌ಎಕ್ಸ್ ಬಂದ ಫೈಲನ್ನು ಮೊದಲು ತನ್ನ ತಾತ್ಕಾಲಿಕ ಫೋಲ್ಡರಿಗೆ ಬರೆಯುತ್ತದೆ. ಆಮೇಲೆ ಪಿಎಚ್‌ಪಿಗೆ ದಾಟಿಸುತ್ತದೆ, ಅದು ತನ್ನ ತಾತ್ಕಾಲಿಕ ಫೋಲ್ಡರಿಗೆ ಇನ್ನೊಮ್ಮೆ ಬರೆಯುತ್ತದೆ. ಕೊನೆಗೆ ನೀವು ಬೇಕಾದ ಜಾಗಕ್ಕೆ ಸಾಗಿಸುತ್ತೀರಿ. ಒಂದು ಹೊತ್ತಿನಲ್ಲಿ 10 ಜಿಬಿಯ ಒಂದು ಫೈಲ್ ನಿಮ್ಮ 80 ಜಿಬಿ ಡಿಸ್ಕಿನಲ್ಲಿ 20 ಜಿಬಿ ತಿಂದಿರುತ್ತದೆ. ಇಬ್ಬರು ಒಟ್ಟಿಗೆ ಹಾಕಿದರೆ ಡಿಸ್ಕ್ ತುಂಬಿ, ಡೇಟಾಬೇಸ್ ಕೂಡ ಬರೆಯಲಾಗದೆ ನಿಲ್ಲುತ್ತದೆ. ಇಷ್ಟೆಲ್ಲ ಆದಮೇಲೂ ಕನೆಕ್ಷನ್ ಕಡಿದರೆ ಮತ್ತೆ ಸೊನ್ನೆಯಿಂದ.

ಸರಿಯಾದ ದಾರಿ, ಬ್ರೌಸರಿನಲ್ಲೇ ಫೈಲನ್ನು 5 ಅಥವಾ 8 ಎಂಬಿಯ ತುಂಡು ಮಾಡಿ ಒಂದೊಂದಾಗಿ ಕಳಿಸುವುದು. ಒಂದು ತುಂಡು ತಪ್ಪಿದರೆ ಅದೊಂದೇ ಮತ್ತೆ ಹೋಗುತ್ತದೆ. ಇದಕ್ಕೆ 'ಟಸ್' ಎಂಬ ಮುಕ್ತ ಪ್ರೊಟೊಕಾಲ್ ಇದೆ. ಬ್ರೌಸರಿಗೆ ಅದರ ಜಾವಾಸ್ಕ್ರಿಪ್ಟ್ ಲೈಬ್ರರಿ ಸಿಗುತ್ತದೆ, ಸರ್ವರಿಗೆ ಸಿದ್ಧ ಪ್ರೋಗ್ರಾಮ್ ಸಿಗುತ್ತದೆ. ಅದರ ಯೋಚನೆ ಸರಳ. ಮೊದಲು ಸರ್ವರನ್ನು 'ಈ ಫೈಲಿನಲ್ಲಿ ನಿನ್ನ ಹತ್ತಿರ ಎಷ್ಟು ಬೈಟ್ ಬಂದಿದೆ?' ಅಂತ ಕೇಳುವುದು, ಅಲ್ಲಿಂದ ಮುಂದಕ್ಕೆ ಕಳಿಸುವುದು. ಬಂದ ತುಂಡು ಅದೇ ಫೈಲಿನ ಬಾಲಕ್ಕೆ ಸೇರುತ್ತದೆ. ನೀವೇ ಬರೆಯುವುದಾದರೂ ಹೀಗೇ ಮಾಡಿ. ತುಂಡುಗಳನ್ನೆಲ್ಲ ಬೇರೆ ಬೇರೆ ಇಟ್ಟು ಕೊನೆಯಲ್ಲಿ ಜೋಡಿಸಲು ಹೋದರೆ ಮತ್ತೆ ಎರಡು ಪಟ್ಟು ಜಾಗ ಬೇಕು. ತುಂಡು 8 ಎಂಬಿ ಇದ್ದರೆ ಎಂಜಿನ್‌ಎಕ್ಸ್ ಮತ್ತು ಪಿಎಚ್‌ಪಿಯ ಮಿತಿ 12 ಎಂಬಿ ಇಟ್ಟರೆ ಸಾಕು. ಸೈಟಿನ ಮುಂದೆ ಕ್ಲೌಡ್‌ಫ್ಲೇರ್ ಎಂಬ ಮಧ್ಯವರ್ತಿ ಸೇವೆ ಇದ್ದರೆ ಅದರ ಉಚಿತ ಪ್ಲಾನಿನಲ್ಲಿ ಒಂದು ಸಲಕ್ಕೆ 100 ಎಂಬಿ ಮಾತ್ರ ಏರಿಸಬಹುದು. ತುಂಡು ಮಾಡಿದ್ದರೆ ಅದೂ ತೊಂದರೆ ಕೊಡುವುದಿಲ್ಲ.

ಅಪ್‌ಲೋಡ್ ಪುಟದಲ್ಲಿ ಒಂದು ಸಾಲು ದೊಡ್ಡದಾಗಿ ಬರೆಯಿರಿ: 'ಏರುವ ತನಕ ಫೋನ್ ಲಾಕ್ ಮಾಡಬೇಡಿ.' ಸ್ಕ್ರೀನ್ ಆರಿದರೆ, ಬೇರೆ ಆ್ಯಪಿಗೆ ಹೋದರೆ, ಫೋನಿನ ಬ್ರೌಸರ್ ಆ ಕೆಲಸವನ್ನು ತಡೆದುಬಿಡುತ್ತದೆ. ಆದಷ್ಟೂ ಲ್ಯಾಪ್‌ಟಾಪಿನಿಂದ ಹಾಕಲು ಹೇಳಿ.

ಫೈಲಿನ ಹೆಸರಿನ ಬಗ್ಗೆ ಒಂದು ಮಾತು, ಕನ್ನಡದವರಿಗೆ ಇದು ಬೇಕೇ ಬೇಕು. ಸದಸ್ಯರು 'ಕರ್ಣಪರ್ವ ಭಾಗ 1' ಅಂತ ಕನ್ನಡದಲ್ಲೇ ಹೆಸರಿಟ್ಟಿರುತ್ತಾರೆ. ಎಫ್‌ಎಫ್‌ಎಂಪೆಗ್ಗನ್ನು ಓಡಿಸುವ ಶೆಲ್ ಕಮಾಂಡಿಗೆ, ಅಂದರೆ ಸರ್ವರಿಗೆ ಕೊಡುವ ಆಜ್ಞೆಗೆ, ಹೆಸರು ಕೊಡುವ ಮುಂಚೆ ಸುರಕ್ಷಿತ ಮಾಡಲು ಪಿಎಚ್‌ಪಿಯ 'ಎಸ್ಕೇಪ್ ಶೆಲ್ ಆರ್ಗ್' ಬಳಸುತ್ತೀರಿ, ಅದು ಸರಿಯೇ. ಆದರೆ ಸರ್ವರಿನ ಲೊಕೇಲ್ (ಭಾಷೆಯ ಸೆಟ್ಟಿಂಗ್) ಕನ್ನಡ ಅಕ್ಷರಗಳನ್ನು ಅರಿಯುವ ಯುಟಿಎಫ್-8 ಇಲ್ಲದಿದ್ದರೆ ಅದು ಕನ್ನಡದ ಅಕ್ಷರಗಳನ್ನೆಲ್ಲ ಸದ್ದಿಲ್ಲದೆ ತೆಗೆದುಹಾಕುತ್ತದೆ. ಉಳಿಯುವುದು ಒಂದೆರಡು ಸ್ಪೇಸು ಮತ್ತು '1'. ಎಫ್‌ಎಫ್‌ಎಂಪೆಗ್ 'ಅಂಥ ಫೈಲೇ ಇಲ್ಲ' ಅನ್ನುತ್ತದೆ. ಡಿಸ್ಕಿನಲ್ಲಿ ಅಂಕಿಯ ಹೆಸರು ಇಡಿ, ಕನ್ನಡದ ಹೆಸರು ಡೇಟಾಬೇಸಿನಲ್ಲಿ ಇರಲಿ. ಹೊರಗಿನವರು ಕೊಟ್ಟ ಹೆಸರು ಕಮಾಂಡಿನ ಹತ್ತಿರವೂ ಸುಳಿಯುವುದಿಲ್ಲ, ಹಾಗಾಗಿ ಭದ್ರತೆಗೂ ಒಳ್ಳೆಯದು.

ಕನ್ವರ್ಟ್ ಮಾಡುವವರು ಬೇರೆ ಇರಲಿ

ಸೈಟ್ ಯಾಕೆ ಮಲಗುತ್ತದೆ? ಅಪ್‌ಲೋಡ್ ಮುಗಿದ ಕೂಡಲೇ ಅದೇ ಪುಟ ಎಫ್‌ಎಫ್‌ಎಂಪೆಗ್ಗನ್ನು ಕರೆದು, ಮುಗಿಯುವ ತನಕ ಕಾಯುತ್ತಾ ಕೂರುತ್ತದೆ. ಎರಡೂ ಕೋರ್ ಅದರ ಕೈಯಲ್ಲಿ. ಎಂಜಿನ್‌ಎಕ್ಸ್ 60 ಸೆಕೆಂಡ್ ಕಾದು, ಉತ್ತರ ಬರಲಿಲ್ಲ ಅಂತ 504 ತೋರಿಸುತ್ತದೆ. ಸದಸ್ಯರು 'ಆಗಲಿಲ್ಲ' ಅಂದುಕೊಂಡು ಮತ್ತೆ ಹಾಕುತ್ತಾರೆ. ಆದರೆ ಹಿಂದೆ ಮೊದಲನೇ ಎಫ್‌ಎಫ್‌ಎಂಪೆಗ್ ಇನ್ನೂ ಓಡುತ್ತಲೇ ಇರಬಹುದು. ಈಗ ಎರಡು. ಸ್ವಲ್ಪ ಹೊತ್ತಿನಲ್ಲಿ ಮೂರು. ನಿಮ್ಮ ಸರ್ವರಿನಲ್ಲಿ ಇದೇ ಆಗುತ್ತಿದೆ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಮುಂದಿನ ಸಲ ಮಲಗಿದಾಗ ಒಳಗೆ ಹೋಗಿ ಎಷ್ಟು ಎಫ್‌ಎಫ್‌ಎಂಪೆಗ್ ಓಡುತ್ತಿವೆ ಅಂತ ಎಣಿಸಿ ನೋಡಿ.

ಪುಟದ ಕೆಲಸ ಇಷ್ಟೇ ಇರಲಿ: ಫೈಲ್ ಬಂತು, ಡೇಟಾಬೇಸಿನಲ್ಲಿ 'ಕಾಯುತ್ತಿದೆ' ಅಂತ ಒಂದು ಸಾಲು ಬರೆದೆ, ಸದಸ್ಯರಿಗೆ 'ಬಂದು ತಲುಪಿದೆ, ನಾಳೆ ಬೆಳಿಗ್ಗೆ ನೋಡಿ' ಅಂದೆ. ಮುಗಿಯಿತು. ಕನ್ವರ್ಟ್ ಮಾಡಲು ಬೇರೆ ಒಂದು ಸ್ಕ್ರಿಪ್ಟ್. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್ ಅದನ್ನು ನಿಮಿಷಕ್ಕೊಮ್ಮೆ ಎಬ್ಬಿಸಲಿ. 'ಎಫ್‌ಲಾಕ್' ಬಳಸಿದರೆ ಒಂದು ಓಡುತ್ತಿರುವಾಗ ಇನ್ನೊಂದು ಶುರುವಾಗುವುದಿಲ್ಲ. ಕಾಯುತ್ತಿರುವ ಸಾಲುಗಳಲ್ಲಿ ಹಳೆಯದನ್ನು ಎತ್ತಿಕೊಂಡು 'ನಡೆಯುತ್ತಿದೆ' ಅಂತ ಬರೆದು ಕೆಲಸ ಶುರು ಮಾಡಲಿ. 'ನೈಸ್' 19, ಅಂದರೆ ಎಲ್ಲಕ್ಕಿಂತ ಕಡಿಮೆ ಆದ್ಯತೆ, ಕೊಟ್ಟು, ಎಫ್‌ಎಫ್‌ಎಂಪೆಗ್ಗಿಗೆ ಒಂದೇ ಥ್ರೆಡ್ ಕೊಡಿ. ಆಗ ಸೈಟಿಗೆ ಒಂದು ಕೋರ್ ಯಾವಾಗಲೂ ಉಳಿಯುತ್ತದೆ. ನಿಧಾನ ಆಗುತ್ತದೆ, ಆಗಲಿ. ರಾತ್ರಿಯಿಡೀ ಓಡಿದರೂ ಯಾರಿಗೂ ತೊಂದರೆ ಇಲ್ಲ.

ಮೂರು ಚಿಕ್ಕ ಎಚ್ಚರಿಕೆ. ಹಿನ್ನೆಲೆಯಲ್ಲಿ ಓಡುವ ಎಫ್‌ಎಫ್‌ಎಂಪೆಗ್ಗಿಗೆ 'ನೋಸ್ಟ್‌ಡಿನ್' ಆಯ್ಕೆ ಕೊಡಿ. ಇಲ್ಲದಿದ್ದರೆ ಅದು ಕೀಬೋರ್ಡಿನಿಂದ ಏನೋ ಬರುತ್ತದೆ ಅಂತ ಕಿವಿಗೊಟ್ಟು, ಕೆಲವೊಮ್ಮೆ ಸುಮ್ನೆ ನಿಂತುಬಿಡುತ್ತದೆ. ಎರಡನೆಯದು, ಹೊಸ ಫೈಲನ್ನು ತಾತ್ಕಾಲಿಕ ಹೆಸರಲ್ಲಿ ಬರೆದು, ಮುಗಿದ ಮೇಲೆ ಎಫ್‌ಎಫ್‌ಎಂಪೆಗ್ ಜೊತೆಗೇ ಬರುವ 'ಎಫ್‌ಎಫ್‌ಪ್ರೋಬ್' ಇಂದ ಅದರ ಅವಧಿ ನೋಡಿ. ಮೂಲ ಮೂರು ಗಂಟೆ ಇದ್ದು ಇದು ನಲವತ್ತು ನಿಮಿಷ ಇದ್ದರೆ ನಡುವೆ ಕೆಟ್ಟಿದೆ ಅಂತ. ಸರಿ ಇದ್ದರಷ್ಟೇ ಹೆಸರು ಬದಲಿಸಿ ಸೈಟಿಗೆ ಬಿಡಿ. ಮೂರನೆಯದು, ಎರಡು ಸಲ ಸೋತ ಫೈಲನ್ನು 'ಕೆಟ್ಟಿದೆ' ಅಂತ ಬದಿಗಿಟ್ಟು ನಿಮಗೆ ಮೇಲ್ ಬರಲಿ. ಇಲ್ಲದಿದ್ದರೆ ಒಂದು ಕೆಟ್ಟ ಫೈಲಿನ ಹಿಂದೆ ಇಡೀ ಸಾಲು ನಿಲ್ಲುತ್ತದೆ.

ಇದೆಲ್ಲಕ್ಕಿಂತ ಸುಲಭದ ಇನ್ನೊಂದು ದಾರಿಯನ್ನೂ ಹೇಳುತ್ತೇನೆ. ನಿಮ್ಮ ಬಳಗದಲ್ಲಿ ಒಳ್ಳೇ ಲ್ಯಾಪ್‌ಟಾಪ್ ಇರುವ ಒಬ್ಬರೋ ಇಬ್ಬರೋ ಇದ್ದೇ ಇರುತ್ತಾರೆ. ಅವರು ಹ್ಯಾಂಡ್‌ಬ್ರೇಕ್ ಎಂಬ ಉಚಿತ ಪ್ರೋಗ್ರಾಮ್ ಹಾಕಿಕೊಂಡು ಮನೆಯಲ್ಲೇ ವಿಡಿಯೊ ಕುಗ್ಗಿಸಲಿ. ಅದರಲ್ಲಿ 'ವೆಬ್ ಆಪ್ಟಿಮೈಸ್ಡ್' ಅಂತ ಒಂದು ಗುರುತು ಇದೆ, ಅದನ್ನು ಹಾಕಲು ಮರೆಯಬಾರದು. 10.8 ಜಿಬಿ ಇದ್ದದ್ದು 1.6 ಜಿಬಿ ಆದರೆ, ಅದೇ 5 ಮೆಗಾಬಿಟ್ ನೆಟ್ಟಿನಲ್ಲಿ ಮುಕ್ಕಾಲು ಗಂಟೆಯ ಒಳಗೆ ಏರುತ್ತದೆ. ಸರ್ವರಿಗೆ ಉಳಿಯುವುದು ಪರೀಕ್ಷೆ ಮಾಡುವ ಕೆಲಸ ಮಾತ್ರ. ಸಣ್ಣ ಬಳಗಕ್ಕೆ ನಾನು ಮೊದಲು ಹೇಳುವುದು ಇದನ್ನೇ.

ಕೂತು ಆಡುವ ಮಾತಿಗೆ ಎಷ್ಟು ಬಿಟ್ ಬೇಕು?

ಇಲ್ಲಿ ನಿಮ್ಮ ಕಲೆಯೇ ನಿಮಗೆ ಸಹಾಯ ಮಾಡುತ್ತದೆ. ವಿಡಿಯೊವನ್ನು ಕುಗ್ಗಿಸುವ ಕೋಡೆಕ್ ಕೆಲಸ ಮಾಡುವುದು ಒಂದು ಫ್ರೇಮಿಗೂ ಮುಂದಿನ ಫ್ರೇಮಿಗೂ ಏನು ಬದಲಾಯಿತು ಅನ್ನುವುದನ್ನು ಬರೆದಿಡುತ್ತಾ. ತಾಳಮದ್ದಳೆಯಲ್ಲಿ ಎಲ್ಲರೂ ಕೂತಿರುತ್ತಾರೆ. ವೇಷ ಇಲ್ಲ, ಕುಣಿತ ಇಲ್ಲ. ಕ್ಯಾಮೆರಾ ಟ್ರೈಪಾಡಿನ ಮೇಲಿದ್ದರೆ ಹಿಂದಿನ ಪರದೆ, ಬ್ಯಾನರ್, ಮೇಜು ಯಾವುದೂ ಅಲುಗಾಡುವುದಿಲ್ಲ. ಅರ್ಥಧಾರಿಯ ಮುಖ, ಕೈ, ಭಾಗವತರ ಜಾಗಟೆ, ಮದ್ದಳೆಯವರ ಬೆರಳು, ಇಷ್ಟೇ ಬದಲಾಗುವುದು. ಹಾಗಾಗಿ ತುಂಬ ಕಡಿಮೆ ಬಿಟ್ಟಿನಲ್ಲಿ ಚೆನ್ನಾಗಿ ಬರುತ್ತದೆ. ಯಕ್ಷಗಾನದ ವೇಷ ಹಾಗಲ್ಲ. ಕಿರೀಟದ ಮಿಣುಕು, ಬಣ್ಣದ ಬೆಳಕು, ತೆಂಕುತಿಟ್ಟಿನ ಸುತ್ತಿ ಹಾರುವ ಧಿಗಿಣ, ಎಲ್ಲವೂ ಫ್ರೇಮಿನಿಂದ ಫ್ರೇಮಿಗೆ ಬದಲಾಗುತ್ತಾ ಇರುತ್ತವೆ. ಅದಕ್ಕೆ ಎರಡು ಪಟ್ಟು ಕೊಟ್ಟರೂ ಚಿತ್ರ ಒಡೆಯಬಹುದು. ಕೈಯಲ್ಲಿ ಫೋನ್ ಹಿಡಿದು ತೆಗೆದರೆ ಈ ಲಾಭವೆಲ್ಲ ಹೋಯಿತು. ಕೈ ನಡುಗಿದರೆ ಇಡೀ ಫ್ರೇಮೇ ಬದಲಾದಂತೆ. ದಯವಿಟ್ಟು ಒಂದು ಟ್ರೈಪಾಡ್ ಕೊಳ್ಳಿ.

ಸೆಟ್ಟಿಂಗ್ ಹೀಗಿರಲಿ. ಎಚ್.264 ಕೋಡೆಕ್, 720 ಸಾಲು, ಗುಣಮಟ್ಟ ಹೇಳುವ 'ಸಿಆರ್‌ಎಫ್' 23 ಅಥವಾ 24. ಅದರ ಜೊತೆಗೆ ಬಿಟ್‌ರೇಟ್ (ಸೆಕೆಂಡಿಗೆ ಹೋಗುವ ಡೇಟಾ) ಯಾವಾಗಲೂ 1.5 ಮೆಗಾಬಿಟ್ ದಾಟದಂತೆ ಒಂದು ಮೇಲ್ಮಿತಿ. ಧ್ವನಿಗೆ ಎಎಸಿ ಕೋಡೆಕ್, 128 ಕಿಲೋಬಿಟ್. ಎಲ್ಲ ಸೇರಿ ಸರಾಸರಿ 1.2 ಮೆಗಾಬಿಟ್ ಬಂದರೆ ಮೂರು ಗಂಟೆಗೆ 1.6 ಜಿಬಿ. ಎಚ್.264 ಹೊರಬಂದದ್ದು 2003ರಲ್ಲಿ. ಹೊಸ ಕೋಡೆಕ್‌ಗಳು ಇನ್ನೂ ಚಿಕ್ಕ ಫೈಲ್ ಕೊಡುತ್ತವೆ, ನಿಜ. ಆದರೆ ಅಜ್ಜನ ಹಳೇ ಫೋನಿನಿಂದ ಹಿಡಿದು ಅಮೆರಿಕದಲ್ಲಿರುವ ಮೊಮ್ಮಗಳ ಟಿವಿ ತನಕ ಎಲ್ಲ ಕಡೆ ಓಡುವುದು ಇದೇ. ಎವಿ1ನಂಥ ಹೊಸ ಕೋಡೆಕ್‌ನಲ್ಲಿ ಮಾಡಲು ನಿಮ್ಮ ಎರಡು ಕೋರ್ ಸಾಲುವುದೂ ಇಲ್ಲ.

ಐಫೋನಿನಿಂದ ಬಂದ ಫೈಲಿಗೆ ಇನ್ನೊಂದು ಗಮನ ಬೇಕು. 2017ರ ಐಓಎಸ್ 11ರಿಂದ ಈಚೆಗೆ ಹೊಸ ಐಫೋನುಗಳು ತಾವಾಗಿ ತೆಗೆಯುವುದು ಎಚ್‌ಇವಿಸಿ ಎಂಬ ಇನ್ನೊಂದು ಕೋಡೆಕ್‌ನಲ್ಲಿ. ಆ ಫೈಲ್ ಎಲ್ಲ ಬ್ರೌಸರಿನಲ್ಲೂ ಓಡುವುದಿಲ್ಲ, ಅದಕ್ಕೇ ಕನ್ವರ್ಟ್ ಮಾಡಲೇಬೇಕು. ಐಫೋನ್ 12ರಿಂದ ಮುಂದೆ, ಬೆಳಕು ನೆರಳಿನ ಹೆಚ್ಚು ಛಾಯೆ ಹಿಡಿಯುವ ಎಚ್‌ಡಿಆರ್ ಕೂಡ ಸೇರಿತು. ಅದು 10 ಬಿಟ್ಟಿನ ಚಿತ್ರ. ನೀವು ಏನೂ ಹೇಳದಿದ್ದರೆ ಎಫ್‌ಎಫ್‌ಎಂಪೆಗ್ ಹೊರಗೆ ಕೊಡುವ ಎಚ್.264 ಕೂಡ 10 ಬಿಟ್ಟಿನದೇ ಆಗುತ್ತದೆ. ಅದನ್ನು ಫೋನುಗಳೂ ಬ್ರೌಸರುಗಳೂ ಸಾಮಾನ್ಯವಾಗಿ ಓಡಿಸುವುದಿಲ್ಲ. ಕಪ್ಪು ಚೌಕ, ಬರೀ ಧ್ವನಿ. ಪಿಕ್ಸೆಲ್ ಫಾರ್ಮ್ಯಾಟ್ 'ವೈಯುವಿ420ಪಿ' ಅಂತ ಪ್ರತಿ ಸಲ ಬರೆದು ಹೇಳಿದರೆ 8 ಬಿಟ್ ಬರುತ್ತದೆ. ಆದರೂ ಬಣ್ಣ ಪೇಲವ ಕಾಣುತ್ತದೆ. ಅದನ್ನು ಸರಿ ಮಾಡುವ ಫಿಲ್ಟರ್ ಇದೆ, ತುಂಬ ನಿಧಾನ. ಅದಕ್ಕಿಂತ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಎಚ್‌ಡಿಆರ್ ಆಫ್ ಮಾಡಿ, 720 ಸಾಲು ಇಟ್ಟು ತೆಗೆಯಿರಿ. ನಿಮಿಷಕ್ಕೆ 60 ಎಂಬಿ ಇದ್ದದ್ದು 40 ಎಂಬಿಗೆ ಇಳಿಯುತ್ತದೆ.

ಧ್ವನಿಯ ಬಗ್ಗೆ ನನಗೆ ಜಾಸ್ತಿ ಕಾಳಜಿ. ತಾಳಮದ್ದಳೆ ಅಂದರೆ ಮಾತು. ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ, ಅರ್ಥಧಾರಿಯ ಒಂದು ಪದ ಕೇಳದೆ ಹೋದರೆ ಸಹಿಸುವುದಿಲ್ಲ. ಚಂಡೆ ಬಿದ್ದಾಗ ಫೋನಿನ ಮೈಕ್ ಒಡೆದ ಸದ್ದು ಹಿಡಿದಿರುತ್ತದೆ, ಅದನ್ನು ಆಮೇಲೆ ಯಾವ ಪ್ರೋಗ್ರಾಮೂ ಸರಿ ಮಾಡಲಾರದು. ಸಭಾಂಗಣದ ಮಿಕ್ಸರಿನಿಂದ ಒಂದು ವೈರ್ ಎಳೆದು ರೆಕಾರ್ಡರಿಗೆ ಕೊಡಲು ಸಾಧ್ಯವಾದರೆ ಅದೇ ದೊಡ್ಡ ಸುಧಾರಣೆ. ಧ್ವನಿಯ ಮಟ್ಟ ಸರಿಹೊಂದಿಸುವ, ಎಫ್‌ಎಫ್‌ಎಂಪೆಗ್ಗಿನ 'ಲೌಡ್‌ನಾರ್ಮ್' ಫಿಲ್ಟರನ್ನು ಒಂದೇ ಸುತ್ತಿನಲ್ಲಿ ಬಳಸಬೇಡಿ. ಹಾಗೆ ಬಳಸಿದರೆ ಅದು ಮೆಲ್ಲನೆಯ ಮಾತನ್ನು ಎತ್ತುತ್ತದೆ, ಜೋರಿನದನ್ನು ಇಳಿಸುತ್ತದೆ. ಕರ್ಣ ತಗ್ಗಿದ ದನಿಯಲ್ಲಿ ಆಡಿದ ಮಾತೂ ಕೃಷ್ಣ ಗದರಿದ ಮಾತೂ ಒಂದೇ ಮಟ್ಟಕ್ಕೆ ಬಂದರೆ ಕೂಟದಲ್ಲಿ ಇನ್ನೇನು ಉಳಿಯಿತು? ಮೊದಲು ಒಂದು ಸುತ್ತು ಅಳೆದು, ಎರಡನೇ ಸುತ್ತಿನಲ್ಲಿ 'ಲೀನಿಯರ್' ಆಯ್ಕೆಯಲ್ಲಿ ಇಡೀ ಧ್ವನಿಯನ್ನು ಒಂದೇ ಪ್ರಮಾಣದಲ್ಲಿ ಏರಿಸಿ ಇಳಿಸಿ. ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಧ್ವನಿ ಅಳೆಯಬೇಕು ಅನ್ನುವುದು) 48,000 ಅಂತ ಬರೆದೇ ಹೇಳಿ, ಯಾಕಂದ್ರೆ ಈ ಫಿಲ್ಟರ್ ಒಳಗೊಳಗೆ ಅದನ್ನು 1,92,000ಕ್ಕೆ ಏರಿಸಿಬಿಡುವುದುಂಟು.

ಪ್ರತಿ ಕೂಟಕ್ಕೂ ಬರೀ ಧ್ವನಿಯ ಒಂದು ಫೈಲನ್ನೂ ಮಾಡಿ ಇಡಿ. ಎಎಸಿ 96 ಕಿಲೋಬಿಟ್ಟಿನಲ್ಲಿ ಮೂರು ಗಂಟೆಗೆ 130 ಎಂಬಿ. ಕಾರು ಓಡಿಸುತ್ತಾ, ಅಡುಗೆ ಮಾಡುತ್ತಾ, ಗಲ್ಫಿನಲ್ಲಿ ಕೆಲಸ ಮುಗಿಸಿ ರೂಮಿಗೆ ಹೋಗುತ್ತಾ ಕೇಳುವವರು ನಿಮ್ಮಲ್ಲಿ ಎಷ್ಟು ಜನ ಇಲ್ಲ? ವಿಡಿಯೊ ಪುಟದಲ್ಲಿ 'ಕೇಳಿ' ಅನ್ನುವ ಬಟನ್ 'ನೋಡಿ' ಅನ್ನುವುದರ ಪಕ್ಕದಲ್ಲೇ ಇರಲಿ.

ಐಫೋನಿನಲ್ಲಿ ಯಾಕೆ ಓಡುವುದಿಲ್ಲ

ನಿಮ್ಮ ಪಿಎಚ್‌ಪಿ ಪುಟ ಲಾಗಿನ್ ನೋಡಿ, ಆಮೇಲೆ ಫೈಲನ್ನು ತಾನೇ ಓದಿ ಕಳಿಸುತ್ತಿರಬೇಕು. ಐಫೋನಿನ ಸಫಾರಿ ವಿಡಿಯೊ ಶುರು ಮಾಡುವ ಮುಂಚೆ ಸರ್ವರನ್ನು ಪರೀಕ್ಷಿಸುತ್ತದೆ. 'ಈ ಫೈಲಿನ ಮೊದಲ ಎರಡು ಬೈಟ್ ಮಾತ್ರ ಕೊಡು' ಅಂತ ಕೇಳುತ್ತದೆ. ಇದಕ್ಕೆ ರೇಂಜ್ ರಿಕ್ವೆಸ್ಟ್ ಅನ್ನುತ್ತಾರೆ. ಸರಿಯಾದ ಉತ್ತರ 206 (ಕೇಳಿದ ಭಾಗ ಮಾತ್ರ ಅಂತ ಅರ್ಥ), ಮತ್ತು ಎರಡೇ ಬೈಟ್. ನಿಮ್ಮ ಪುಟ 200 ಅಂತ ಹೇಳಿ ಇಡೀ ಫೈಲನ್ನೇ ಸುರಿಯಲು ಶುರು ಮಾಡುತ್ತದೆ. ಈ ಸರ್ವರಿಗೆ ಕೇಳಿದಷ್ಟು ಕೊಡಲು ಬರುವುದಿಲ್ಲ ಅಂತ ಸಫಾರಿ ಕೈಬಿಡುತ್ತದೆ. ಆಂಡ್ರಾಯ್ಡಿನ ಕ್ರೋಮ್ ಇಷ್ಟು ಕಟ್ಟುನಿಟ್ಟಲ್ಲ, ಅದಕ್ಕೇ ಅಲ್ಲಿ ಹೇಗೋ ಓಡುತ್ತದೆ. ಆದರೆ ಅಲ್ಲೂ ಎರಡನೇ ಗಂಟೆಗೆ ಹಾರಲು ಹೋದರೆ ಆಗುವುದಿಲ್ಲ.

'ಪೂರ್ತಿ ಇಳಿದ ಮೇಲೆ ಓಡುತ್ತದೆ' ಅಂದಿರಲ್ಲ, ಅದಕ್ಕೆ ಎರಡು ಕಾರಣ ಸೇರಿವೆ. ಎಂಪಿ4 ಫೈಲಿನೊಳಗೆ 'ಮೂವ್' ಅನ್ನುವ ಒಂದು ಭಾಗ ಇದೆ. ಯಾವ ಫ್ರೇಮ್ ಎಲ್ಲಿದೆ ಅನ್ನುವ ಪರಿವಿಡಿ ಅದು. ಕನ್ವರ್ಟ್ ಎಲ್ಲ ಮುಗಿದ ಮೇಲೇ ಪರಿವಿಡಿ ಬರೆಯಲು ಸಾಧ್ಯ, ಹಾಗಾಗಿ ಎಫ್‌ಎಫ್‌ಎಂಪೆಗ್ ಅದನ್ನು ಫೈಲಿನ ಕೊನೆಗೆ ಇಡುತ್ತದೆ. ಬ್ರೌಸರಿಗೆ ಪರಿವಿಡಿ ಇಲ್ಲದೆ ಒಂದು ಫ್ರೇಮೂ ತೋರಿಸಲು ಬರುವುದಿಲ್ಲ. ರೇಂಜ್ ಇದ್ದಿದ್ದರೆ ಕೊನೆಯ ತುಂಡನ್ನು ಮೊದಲು ಕೇಳಿ ತೆಗೆದುಕೊಳ್ಳುತ್ತಿತ್ತು. ನಿಮ್ಮಲ್ಲಿ ಪರಿವಿಡಿ ಮುಂದೆಯೂ ಇಲ್ಲ, ರೇಂಜೂ ಇಲ್ಲ. ಕನ್ವರ್ಟ್ ಮಾಡುವಾಗ 'ಫಾಸ್ಟ್‌ಸ್ಟಾರ್ಟ್' ಎಂಬ ಮೂವ್‌ಫ್ಲ್ಯಾಗ್ ಕೊಟ್ಟರೆ ಪರಿವಿಡಿ ಮುಂದಕ್ಕೆ ಬರುತ್ತದೆ. ಈಗಾಗಲೇ ಸೈಟಿನಲ್ಲಿರುವ ಫೈಲುಗಳನ್ನು ಮತ್ತೆ ಕನ್ವರ್ಟ್ ಮಾಡಬೇಕಿಲ್ಲ. ಕೋಡೆಕ್ ಜಾಗದಲ್ಲಿ 'ಕಾಪಿ' ಅಂತ ಕೊಟ್ಟು ಫಾಸ್ಟ್‌ಸ್ಟಾರ್ಟ್ ಸೇರಿಸಿದರೆ ಚಿತ್ರವನ್ನು ಮುಟ್ಟದೆ ಬರೀ ಫೈಲನ್ನು ಜೋಡಿಸಿ ಕೊಡುತ್ತದೆ. ಡಿಸ್ಕ್ ಎಷ್ಟು ಬೇಗ ಓದಿ ಬರೆಯುತ್ತದೋ ಅಷ್ಟೇ ಹೊತ್ತು.

ಇನ್ನು ಫೈಲ್ ಕಳಿಸುವ ಕೆಲಸವನ್ನು ಪಿಎಚ್‌ಪಿಯಿಂದ ಬಿಡಿಸಿ. ಎಂಜಿನ್‌ಎಕ್ಸ್‌ನಲ್ಲಿ ವಿಡಿಯೊ ಫೋಲ್ಡರಿಗೆ 'ಇಂಟರ್ನಲ್' ಅಂತ ಗುರುತು ಹಾಕಿದರೆ ಹೊರಗಿನವರು ಆ ವಿಳಾಸವನ್ನು ನೇರ ತೆರೆಯಲಾಗುವುದಿಲ್ಲ. ಪಿಎಚ್‌ಪಿ ಪುಟ ಲಾಗಿನ್ ನೋಡಿ, ಸರಿ ಇದ್ದರೆ 'ಎಕ್ಸ್-ಆಕ್ಸೆಲ್-ರೀಡೈರೆಕ್ಟ್' ಎಂಬ ಒಂದು ಹೆಡರ್ (ಸೂಚನೆಯ ಸಾಲು) ಕಳಿಸಿ ತನ್ನ ಕೆಲಸ ಮುಗಿಸುತ್ತದೆ. ಫೈಲ್ ಬಡಿಸುವುದು ಎಂಜಿನ್‌ಎಕ್ಸ್. ರೇಂಜ್ ಎಲ್ಲ ಅದಕ್ಕೆ ಚೆನ್ನಾಗಿ ಗೊತ್ತು. ಸದಸ್ಯರಿಗೆ ಮಾತ್ರ ಅನ್ನುವ ನಿಮ್ಮ ನಿಯಮವೂ ಉಳಿಯಿತು.

ಇದರಿಂದ ನೀವು ಬರೆಯದ ಒಂದು ತೊಂದರೆಯೂ ಹೋಗುತ್ತದೆ. ವಿಡಿಯೊ ಓಡುತ್ತಿರುವಾಗ ಅದೇ ಸದಸ್ಯರು ಇನ್ನೊಂದು ಪುಟ ತೆರೆದರೆ ಆ ಪುಟ ತಿರುಗುತ್ತಲೇ ಇರುತ್ತದೆ, ಹೌದಾ? ಪಿಎಚ್‌ಪಿ ಲಾಗಿನ್ ಸೆಶನ್ನಿಗೆ ಬೀಗ ಹಾಕಿಕೊಂಡು ವಿಡಿಯೊ ಕಳಿಸುತ್ತಿರುತ್ತದೆ. ಅದು ಮುಗಿಯುವ ತನಕ ಅವರ ಬೇರೆ ಪುಟಗಳೆಲ್ಲ ಬಾಗಿಲಲ್ಲಿ ಕಾಯಬೇಕು.

ವಿಡಿಯೊ ಟ್ಯಾಗಿನಲ್ಲಿ 'ಪ್ಲೇಸ್‌ಇನ್‌ಲೈನ್' ಹಾಕಿ, ಐಫೋನಿನಲ್ಲಿ ಪುಟದೊಳಗೇ ಓಡುತ್ತದೆ. 'ಪ್ರಿಲೋಡ್' ಅನ್ನು 'ಮೆಟಾಡೇಟಾ' ಮಾಡಿ, ಪುಟ ತೆರೆದ ಮಾತ್ರಕ್ಕೆ ಹೆಚ್ಚು ಡೇಟಾ ಖರ್ಚಾಗುವುದಿಲ್ಲ. ವಿಡಿಯೊ ಶುರುವಾಗುವ ಮುಂಚೆ ಕಾಣುವ ಪೋಸ್ಟರ್ ಚಿತ್ರವನ್ನು ಐದನೇ ನಿಮಿಷದಿಂದ ತೆಗೆಯಿರಿ. ಮೊದಲ ಫ್ರೇಮಿನಲ್ಲಿ ಸಿಗುವುದು ಖಾಲಿ ಕುರ್ಚಿಗಳು.

ಎಷ್ಟು ಜನ ಒಟ್ಟಿಗೆ ನೋಡಬಹುದು? ನಿಮಿಷಕ್ಕೆ 130 ಎಂಬಿಯ, ಫೋನಿನ ಮೂಲ ಫೈಲನ್ನೇ ಬಡಿಸಿದರೆ ಒಬ್ಬೊಬ್ಬರಿಗೆ ಸೆಕೆಂಡಿಗೆ 17 ಮೆಗಾಬಿಟ್. 100 ಮೆಗಾಬಿಟ್ಟಿನ ಸರ್ವರ್ ಆರು ಜನಕ್ಕೆ ಕುಸಿಯುತ್ತದೆ. 1.2 ಮೆಗಾಬಿಟ್ ಆದರೆ ನಲವತ್ತು ಜನಕ್ಕೆ 48 ಮೆಗಾಬಿಟ್ ಸಾಕು. ತಿಂಗಳ ಡೇಟಾ ಮಿತಿಯನ್ನೂ ನೋಡಿಕೊಳ್ಳಿ. ಒಂದು ಕೂಟವನ್ನು 200 ಜನ ಪೂರ್ತಿ ನೋಡಿದರೆ 320 ಜಿಬಿ.

ಎಚ್‌ಎಲ್‌ಎಸ್ ಮಾಡಬೇಕಾ ಅಂತ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಆ್ಯಪಲ್ 2009ರಲ್ಲಿ ತಂದ ಪದ್ಧತಿ ಅದು. ವಿಡಿಯೊವನ್ನು ಆರು ಸೆಕೆಂಡಿನ ತುಂಡು ಮಾಡಿ, ಎರಡು ಮೂರು ಗುಣಮಟ್ಟದಲ್ಲಿ ಇಟ್ಟು, ನೋಡುವವರ ನೆಟ್ಟಿಗೆ ತಕ್ಕಂತೆ ಬದಲಿಸುತ್ತಾ ಕೊಡುವುದು. ಒಳ್ಳೆಯದೇ. ಆದರೆ ಮೂರು ಗಂಟೆಗೆ 1,800 ತುಂಡು, ಮೂರು ಗುಣಮಟ್ಟಕ್ಕೆ 5,400. ಪ್ರತಿ ತುಂಡಿಗೂ ಲಾಗಿನ್ ಪರೀಕ್ಷೆ. ಕನ್ವರ್ಟ್ ಮಾಡುವ ಹೊತ್ತೂ ಜಾಸ್ತಿ. ನಿಮ್ಮ ಬಳಗಕ್ಕೆ ಈಗ 720ರ ಒಂದು ಎಂಪಿ4, ಒಂದು ಧ್ವನಿ ಫೈಲ್ ಸಾಕು. ಹಳ್ಳಿ ಕಡೆ ನಿಂತು ನಿಂತು ಬರುತ್ತದೆ ಅಂತ ದೂರು ಬಂದರೆ 360 ಸಾಲಿನ ಇನ್ನೊಂದು ಎಂಪಿ4 ಮಾಡಿ, 'ನೆಟ್ ನಿಧಾನ ಇದ್ದರೆ ಇದನ್ನು ಒತ್ತಿ' ಅಂತ ಇಡಿ.

ಭದ್ರತೆಯಲ್ಲಿ ಒಂದನ್ನು ಹೇಳದೆ ಬಿಡಲಾರೆ. ಹೆಸರಿನ ಕೊನೆಗೆ ಎಂಪಿ4 ಅಂತ ಇದ್ದ ಮಾತ್ರಕ್ಕೆ ಅದು ವಿಡಿಯೊ ಅಲ್ಲ. ಕೆಲವು ವರ್ಷಗಳ ಹಿಂದೆ ಎಫ್‌ಎಫ್‌ಎಂಪೆಗ್ಗಿನ ಒಂದು ದೋಷ ಬೆಳಕಿಗೆ ಬಂತು. ಪ್ಲೇಲಿಸ್ಟ್ ಫೈಲಿಗೆ ವಿಡಿಯೊದ ವೇಷ ಹಾಕಿಸಿ ಅಪ್‌ಲೋಡ್ ಮಾಡಿದರೆ, ಅದು ಸರ್ವರಿನ ಒಳಗಿನ ಬೇರೆ ಫೈಲುಗಳನ್ನು ಓದಿ ವಿಡಿಯೊದೊಳಗೆ ತೋರಿಸುವಂತೆ ಮಾಡಬಹುದಿತ್ತು. ಅದನ್ನು ಸರಿಪಡಿಸಿದ್ದಾರೆ, ಆದರೂ ಎಫ್‌ಎಫ್‌ಎಂಪೆಗ್ಗನ್ನು ಹೊಸದಾಗಿ ಇಟ್ಟುಕೊಳ್ಳಿ. 'ಪ್ರೊಟೊಕಾಲ್ ವೈಟ್‌ಲಿಸ್ಟ್' ಆಯ್ಕೆಯಲ್ಲಿ 'ಫೈಲ್' ಒಂದನ್ನೇ ಕೊಡಿ. ಕನ್ವರ್ಟ್ ಮಾಡುವ ಸ್ಕ್ರಿಪ್ಟ್ ಬೇರೆ ಯೂಸರ್ ಹೆಸರಲ್ಲಿ ಓಡಲಿ, ಡೇಟಾಬೇಸಿನ ಪಾಸ್‌ವರ್ಡ್ ಇರುವ ಫೈಲು ಅದಕ್ಕೆ ಕಾಣದಿರಲಿ. ಅಪ್‌ಲೋಡ್ ಬರುವ ಫೋಲ್ಡರ್ ಸೈಟಿನ ಫೋಲ್ಡರಿನ ಹೊರಗೆ ಇರಲಿ.

ಹಳೇ ಕ್ಯಾಸೆಟ್‌ಗಳು

ನಮ್ಮ ವಿಎಚ್‌ಎಸ್ ಎಲ್ಲ ಪಾಲ್ ಎಂಬ ಟಿವಿ ಪದ್ಧತಿಯದು. ಡಿಜಿಟಲ್ ಮಾಡಿದರೆ 576 ಸಾಲು, ಸೆಕೆಂಡಿಗೆ 25 ಫ್ರೇಮ್. ಆದರೆ ಪ್ರತಿ ಫ್ರೇಮೂ ಎರಡು ಅರ್ಧ ಚಿತ್ರಗಳ ಹೆಣಿಗೆ. ಬೆಸ ಸಾಲು ಒಂದು ಕ್ಷಣದ್ದು, ಸಮ ಸಾಲು ಮುಂದಿನ ಕ್ಷಣದ್ದು. ಹಾಗೇ ಕನ್ವರ್ಟ್ ಮಾಡಿದರೆ ಕೈ ಆಡಿಸಿದ ಕಡೆಯೆಲ್ಲ ಬಾಚಣಿಗೆಯ ಹಲ್ಲಿನ ಹಾಗೆ ಗೆರೆ ಕಾಣುತ್ತವೆ. ಎಫ್‌ಎಫ್‌ಎಂಪೆಗ್ಗಿನ 'ಬಿಡಬ್ಲ್ಯೂಡಿಫ್' ಫಿಲ್ಟರ್ ಅದನ್ನು ಬಿಡಿಸುತ್ತದೆ. ಪ್ರತಿ ಅರ್ಧಕ್ಕೂ ಒಂದು ಪೂರ್ತಿ ಫ್ರೇಮ್ ಮಾಡಿಸಿ ಸೆಕೆಂಡಿಗೆ 50 ಫ್ರೇಮ್ ತೆಗೆದರೆ ಚಲನೆ ನಯವಾಗಿ ಬರುತ್ತದೆ. 576 ಸಾಲನ್ನು 1080ಕ್ಕೆ ಹಿಗ್ಗಿಸಬೇಡಿ, ಫೈಲ್ ದೊಡ್ಡದಾಗುತ್ತದೆ, ಹೊಸ ವಿವರ ಏನೂ ಬರುವುದಿಲ್ಲ. ಕ್ಯಾಸೆಟ್ ಓಡಿಸುವ ಮುಂಚೆ ಬೂಜು ಹಿಡಿದಿದೆಯಾ ನೋಡಿ. ಕರಾವಳಿಯ ತೇವಕ್ಕೆ ಅದು ಬೇಗ ಬರುತ್ತದೆ, ಬೂಜಿನ ಕ್ಯಾಸೆಟ್ ಒಂದನ್ನು ಹಾಕಿದರೆ ಪ್ಲೇಯರಿನ ಹೆಡ್ಡಿಗೂ ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ.

ಒಂದು ಕಾಲೇಜಿನ ಸೈಟಿಗೆ ನಾನು ಹಿಂದೆ ಕೆಲಸ ಮಾಡಿದ್ದೆ. ನಾಟಕ, ಭಾಷಣ ಎಲ್ಲವನ್ನೂ ಆಗಿನ ರೂಢಿಯಂತೆ ಫ್ಲ್ಯಾಶ್ ವಿಡಿಯೊ ಮಾಡಿ ಹಾಕಿದೆ. 320 ಪಿಕ್ಸೆಲ್ ಅಗಲ. ಡಿಸ್ಕ್ ತುಂಬಿತು ಅಂತ ಮೂಲ ಫೈಲುಗಳನ್ನು ನಾನೇ ಅಳಿಸಿದೆ. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ನಿಂತಿತು. ಆ ಫೈಲುಗಳನ್ನು ಎಂಪಿ4 ಮಾಡುವುದು ಕಷ್ಟವಾಗಲಿಲ್ಲ. ಆದರೆ ಅಂಚೆಚೀಟಿಯಷ್ಟು ಚಿತ್ರ, ಅದರಲ್ಲಿ ಯಾರ ಮುಖವೂ ಸರಿಯಾಗಿ ಕಾಣುವುದಿಲ್ಲ. ಅವರಲ್ಲಿ ಕೆಲವರು ಈಗ ಇಲ್ಲ. ಆ ನೋವು ನನಗೆ ಹೋಗಿಲ್ಲ.

ಅದಕ್ಕೇ ಕೇಳಿಕೊಳ್ಳುತ್ತೇನೆ, ಫೋನಿನಿಂದ ಬಂದ ಮೂಲವನ್ನೂ ಕ್ಯಾಸೆಟ್ಟಿನಿಂದ ತೆಗೆದ ಮೊದಲ ಫೈಲನ್ನೂ ಅಳಿಸಬೇಡಿ. ಅವು ವಿಪಿಎಸ್ಸಿನಲ್ಲಿ ಇರಬೇಕಾಗಿಲ್ಲ, 10 ಜಿಬಿಯ ಏಳು ಫೈಲಿಗೇ ನಿಮ್ಮ 80 ಜಿಬಿ ಮುಗಿಯುತ್ತದೆ. 4 ಟಿಬಿಯ ಎರಡು ಹಾರ್ಡ್‌ಡಿಸ್ಕ್ ಕೊಳ್ಳಿ. ಎರಡರಲ್ಲೂ ಒಂದೇ ಪ್ರತಿ ಇರಲಿ. ಒಂದು ನಿಮ್ಮ ಹತ್ತಿರ, ಇನ್ನೊಂದು ಬೇರೆ ಊರಿನ ಸದಸ್ಯರ ಮನೆಯಲ್ಲಿ. ವರ್ಷಕ್ಕೊಮ್ಮೆ, ಪತ್ತನಾಜೆ ಕಳೆದು ಮೇಳಗಳು ತಿರುಗಾಟ ಮುಗಿಸಿದ ಮೇಲೆ, ಎರಡನ್ನೂ ಹಚ್ಚಿ ಫೈಲುಗಳು ತೆರೆಯುತ್ತವೆಯಾ ಅಂತ ನೋಡಿ.